ಮನುಷ್ಯರಲ್ಲದವರ ಉಪದೇಶ

ಬಳ್ಳಾರಿ ಜಿಲ್ಲೆಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಬೆಲ್ ಎಂಬಾತನು 1823ನೆಯ ಇಸವಿಯ ಆಗಸ್ಟ್ 17ರಂದು ಮದರಾಸಿನ ರೆವಿನ್ಯೂ ಬೋರ್ಡಿಗೆ ಬರೆದು ಕಳುಹಿಸಿದ ವರದಿಯು, ಮಕ್ಕಳ ವಿದ್ಯಾಭ್ಯಾಸದ ವಿಷಯವಾಗಿ ಯೋಚಿಸತಕ್ಕವರೆಲ್ಲರೂ ಒಮ್ಮೆಯಾದರೂ ಓದಬೇಕಾದ ಬರಹ. ಅದರ ಹಿಂದಿನ ವರ್ಷ ಮದರಾಸಿನ ಗವರ್ನರ್ ತಾಮಸ್ ಮನ್ರೋ ಆ ಆಧಿಪತ್ಯದ ಎಲ್ಲ ಜಿಲ್ಲೆಗಳ ಪಾಠಶಾಲೆಗಳ ಲೆಕ್ಕವನ್ನು ಕೇಳಿದ್ದನು. ತೆಲುಗು ಭಾಷೆಗೆ ವ್ಯಾಕರಣವನ್ನೂ ನಿಘಂಟನ್ನೂ ರಚಿಸಿ ಕೊಟ್ಟಿದ್ದ ಕ್ಯಾಂಬೆಲನಾದರೋ ಬರಿಯ ಲೆಕ್ಕದಿಂದ ತೃಪ್ತನಾಗದೆ, ಐಗಳ ಮಠಗಳೆಂಬ ಊರ ಶಾಲೆಗಳಲ್ಲಿ ಮಗುವು ಮೊದಲ ದಿನ ಏನು ಮಾಡುತ್ತದೆ, ಯಾವುದರ ಮೇಲೆ ಬರೆಯುತ್ತದೆ, ಯಾರಿಂದ ಕಲಿಯುತ್ತದೆ ಎಂಬುದನ್ನೆಲ್ಲ ವಿವರವಾಗಿ ಬರೆದಿಟ್ಟನು. ಅನಂತಪುರದ ಸೀಮೆಯೂ ಸೇರಿಕೊಂಡಿದ್ದ ಅಂದಿನ ಬಳ್ಳಾರಿ ಜಿಲ್ಲೆಯಲ್ಲಿ 9,27,857 ಮಂದಿ ಪ್ರಜೆಗಳು, 533 ಶಾಲೆಗಳು, 6,641 ವಿದ್ಯಾರ್ಥಿಗಳು. ಆ ಶಾಲೆಗಳಲ್ಲಿ 235 ಕನ್ನಡದವು, 226 ತೆಲುಗಿನವು. ಹಿಂದೂ ಬಾಲಕಿಯರ ಸಂಖ್ಯೆ ಅರುವತ್ತು ಮಾತ್ರ.

ಐದು ವರ್ಷದ ಮಗುವು ಮರಳಿನ ಮೇಲೆ ಬೆರಳಾಡಿಸಿ ಅಕ್ಷರಗಳನ್ನು ತಿದ್ದುತ್ತಿತ್ತು. ಆಮೇಲೆ ಅದರ ಕೈಗೆ ಕಡತ ಬರುತ್ತಿತ್ತು. ಕಡತವೆಂದರೆ ಇಂದು ಕಚೇರಿಯ ಕಾಗದದ ಕಟ್ಟು ಮಾತ್ರ ನಮ್ಮ ನೆನಪಿಗೆ ಬರುತ್ತದೆ; ಅಂದಿನ ಕಡತವು ಗಂಜಿ ಹಾಕಿ ಬಿಗಿಮಾಡಿದ ಬಟ್ಟೆಗೆ ಇದ್ದಿಲಿನ ಪುಡಿಯನ್ನೂ ಅಂಟನ್ನೂ ಬಳಿದು, ಪುಸ್ತಕದಂತೆ ಮಡಿಸಿಟ್ಟುಕೊಳ್ಳುತ್ತಿದ್ದ ಕರಿಯ ಬರೆವಣಿಗೆಯ ಹಾಳೆ. ಬಳಪದಿಂದ ಬರೆಯುವುದು, ಒದ್ದೆ ಬಟ್ಟೆಯಿಂದ ಒರಸುವುದು, ಮತ್ತೆ ಬರೆಯುವುದು. ಮುಂದೆ ಹೋದ ಹುಡುಗನು ಹಿಂದುಳಿದವನಿಗೆ ಹೇಳಿಕೊಡುತ್ತಿದ್ದನು. ಹೇಳಿಕೊಡುವುದರಿಂದಲೇ ತಾನು ಕಲಿತದ್ದನ್ನು ಗಟ್ಟಿಮಾಡಿಕೊಳ್ಳುತ್ತಿದ್ದನು. ಮದರಾಸಿನ ಅನಾಥ ಬಾಲಕರ ಆಶ್ರಯವನ್ನು ನೋಡಿಕೊಳ್ಳುತ್ತಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿಯು ಈ ನಾಡಿನ ಮರಳಿನ ಪಾಠವನ್ನೂ ಮಕ್ಕಳೇ ಮಕ್ಕಳಿಗೆ ಕಲಿಸುವ ರೀತಿಯನ್ನೂ ಕುರಿತು 1797ರಲ್ಲಿ ಇಂಗ್ಲೆಂಡಿನಲ್ಲಿ ಪುಸ್ತಕವನ್ನು ಪ್ರಕಟಿಸಿದ್ದನಷ್ಟೆ. ಇಂಗ್ಲೆಂಡಿನಲ್ಲಿ ಆದ ಅನುಕರಣಕ್ಕೆ ಈ ಪದ್ಧತಿಯು ಯೋಗ್ಯವಾಗಿಯೇ ಇದೆ ಎಂದು ಕ್ಯಾಂಬೆಲ್ ಮುಕ್ತಕಂಠದಿಂದ ಒಪ್ಪಿದನು. ಬೆಳಗ್ಗೆ ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರೆಂಬುದನ್ನೂ, ಎರಡನೆಯವನಿಗೆ ಸೊನ್ನೆ, ಮೂರನೆಯವನಿಂದ ಮುಂದಕ್ಕೆ ಒಂದೊಂದಾಗಿ ಏರುವ ಏಟುಗಳು ಎಂಬುದನ್ನೂ ಅವನು ಬಿಡದೆ ದಾಖಲಿಸಿದ್ದಾನೆ.

ಆದರೆ ಅದೇ ವರದಿಯಲ್ಲಿ ಅವನು ಒಂದು ದೋಷವನ್ನು ಎತ್ತಿ ಆಡಿದನು. ಮಕ್ಕಳು ಹಳೆಯ ಪದ್ಯಗ್ರಂಥಗಳನ್ನು ಆಮೂಲಾಗ್ರವಾಗಿ ಬಾಯಿಪಾಠ ಒಪ್ಪಿಸುತ್ತಾರೆ. ಆಡುವ ಮಾತಿಗೂ ಆ ಗ್ರಂಥದ ಮಾತಿಗೂ ದೂರವಾದುದರಿಂದ ಅರ್ಥವನ್ನು ಅರಿಯರು. ಹಲವೆಡೆ ಅರ್ಥವು ಉಪಾಧ್ಯಾಯನಿಗೂ ತಿಳಿಯದು. ಪರದೇಶೀಯನ ಆಕ್ಷೇಪವೆಂದು ನಾವು ಇದನ್ನು ತಳ್ಳಿಹಾಕಲಾಗದು. ನಮ್ಮವರೇ ಆದ ಶಿಕ್ಷಾಶಾಸ್ತ್ರಕಾರರು, ಪಾಣಿನೀಯ ಶಿಕ್ಷೆಯೆಂದು ಪ್ರಸಿದ್ಧವಾದ ಗ್ರಂಥದಲ್ಲಿ, ಅಧಮ ಪಾಠಕರನ್ನು ಎಣಿಸುವಾಗ ಅರ್ಥವನ್ನರಿಯದೆ ಓದುವವನನ್ನು ಆ ಪಂಕ್ತಿಯಲ್ಲಿ ಕೂರಿಸಿದ್ದಾರೆ. ಸ್ವಾರಸ್ಯವೇನೆಂದರೆ, ಬರೆದಿಟ್ಟುದನ್ನು ನೋಡಿಕೊಂಡು ಓದುವವನಿಗೂ ಅದೇ ಪಂಕ್ತಿಯಲ್ಲಿ ಸ್ಥಾನ. ಬರೆಹವೆಂಬ ಉಪಕರಣವೇ ಒಂದು ಕಾಲಕ್ಕೆ ಹಿರಿಯರ ಶಂಕೆಗೆ ಗುರಿಯಾಗಿತ್ತು. ಗ್ರೀಕ್ ದೇಶದಲ್ಲಿ ಪ್ಲೇಟೋ ಸಹ ತನ್ನ ಫೀಡ್ರಸ್ ಸಂವಾದದಲ್ಲಿ, ಲಿಪಿಯು ಬಂದರೆ ಸ್ಮೃತಿಯು ಕುಂದುವುದೆಂದು ಈಜಿಪ್ಟಿನ ಅರಸನೊಬ್ಬನ ಬಾಯಿಂದ ಹೇಳಿಸಿದನು. ಆದುದರಿಂದ, ಕೈಫೋನನ್ನು ಕಂಡಾಕ್ಷಣವೇ ವಿದ್ಯೆಯ ಕಾಲ ಮುಗಿಯಿತೆಂದು ಹಲುಬುವವರೊಡನೆ ನಾನು ದನಿಗೂಡಿಸಲಾರೆನು. ಮರಳು ಹೋಗಿ ಕಡತ ಬಂದಿತು, ಕಡತ ಹೋಗಿ ಸ್ಲೇಟು ಬಂದಿತು, ಸ್ಲೇಟಿನ ಬೆನ್ನಿಗೆ ನೋಟುಬುಕ್ಕು. ವಿದ್ಯೆ ಉಳಿದೇ ಇತ್ತು.

ಹಾಗಾದರೆ ಇಂದಿನ ಮಾರ್ಪಾಟಿನಲ್ಲಿ ಹೊಸತೇನೂ ಇಲ್ಲವೆ? ಇದೆ, ಅದು ಇಷ್ಟು. ಮರಳು, ಕಡತ, ಸ್ಲೇಟುಗಳು ಮೂಕವಾಗಿದ್ದವು. ಮಗು ಬರೆದುದನ್ನು ಧರಿಸುತ್ತಿದ್ದುವಲ್ಲದೆ ತಾವಾಗಿ ಏನನ್ನೂ ಹೇಳುತ್ತಿರಲಿಲ್ಲ. ಇಂದು ಮಕ್ಕಳ ಕೈಗೆ ಬಂದಿರುವ ಉಪಕರಣವು ಮಾತನಾಡುತ್ತದೆ. ಕೇಳಿದ ಪ್ರಶ್ನೆಗೆ ಉತ್ತರ ಕೊಡುತ್ತದೆ, ಕೇಳದ ಪ್ರಶ್ನೆಗೂ ಕೊಡುತ್ತದೆ. ಚಿತ್ರ ತೋರಿಸುತ್ತದೆ, ಕಥೆ ಹೇಳುತ್ತದೆ, ಲೆಕ್ಕ ಬಿಡಿಸುತ್ತದೆ. ಕೆಲವು ವರ್ಷಗಳಿಂದೀಚೆಗೆ ಪ್ರಬಂಧವನ್ನೇ ಬರೆದುಕೊಡುತ್ತದೆ. ಮನುಷ್ಯನಲ್ಲದುದೊಂದು ಉಪದೇಶಕ್ಕೆ ನಿಂತಾಗ, ಅದನ್ನು ಗುರುವೆನ್ನಬಹುದೆ ಎಂಬುದು ಬೋಧನ ವಿಧಾನಗಳ ಚರ್ಚೆಗಿಂತ ಹಿಂದಿನ ಪ್ರಶ್ನೆ, ಧರ್ಮದ ಪ್ರಶ್ನೆ. ಇದನ್ನು ಇತ್ಯರ್ಥಪಡಿಸಿಕೊಳ್ಳದೆ ಹೊಸ ಹೊಸ ವಿಧಾನಗಳನ್ನು ಶಾಲೆಯೊಳಕ್ಕೆ ತರುವವರು, ಯಾವುದಕ್ಕಾಗಿ ತರುತ್ತಿದ್ದೇವೆಂಬುದನ್ನೇ ಅರಿಯದವರಾಗುತ್ತಾರೆ.

ಈ ಪ್ರಶ್ನೆಯು ನಮ್ಮ ಪೂರ್ವಿಕರಿಗೆ ಹೊಸದಲ್ಲ. ಛಾಂದೋಗ್ಯೋಪನಿಷತ್ತಿನ ಸತ್ಯಕಾಮ ಜಾಬಾಲನನ್ನು ನೆನೆಯಿರಿ. ಗೋತ್ರವನ್ನರಿಯದ ಆ ಬಾಲಕನು ತಾಯಿ ಹೇಳಿದುದನ್ನು ಇದ್ದದ್ದಿದ್ದಂತೆ ನುಡಿದುದಕ್ಕಾಗಿ ಮೆಚ್ಚಿದ ಹಾರಿದ್ರುಮತ ಗೌತಮನು, ಅವನಿಗೆ ಉಪನಯನವನ್ನು ಮಾಡಿ, ನಾನೂರು ಬಡಕಲು ಗೋವುಗಳನ್ನು ಒಪ್ಪಿಸಿ ಕಾಡಿಗೆ ಕಳುಹಿಸಿದನು. ಸಾವಿರವಾಗುವವರೆಗೆ ಮರಳೆನೆಂದು ಹುಡುಗನು ಹೊರಟನು. ವರ್ಷಗಳು ಕಳೆದು ಹಿಂಡು ಸಾವಿರವಾದಾಗ ವೃಷಭವು ಅವನೊಡನೆ ಮಾತನಾಡಿ ಬ್ರಹ್ಮದ ಒಂದು ಪಾದವನ್ನು ಉಪದೇಶಿಸಿತು. ಮರುಸಂಜೆ ಅಗ್ನಿ, ಅದರ ಮರುದಿನ ಹಂಸ, ಕಡೆಗೆ ಮದ್ಗುವೆಂಬ ನೀರುಹಕ್ಕಿ. ನಾಲ್ಕು ಪಾದಗಳೂ ಮನುಷ್ಯರಲ್ಲದವರಿಂದಲೇ ಪೂರ್ಣವಾದುವು. ಹಿಂದಿರುಗಿದ ಶಿಷ್ಯನ ಮುಖದ ಕಾಂತಿಯನ್ನು ಕಂಡ ಗುರುವು ನಿನಗೆ ಉಪದೇಶ ಮಾಡಿದವರಾರೆಂದು ಕೇಳಲು, ಮನುಷ್ಯರಲ್ಲದವರೆಂದು ಒಪ್ಪಿಕೊಂಡ ಸತ್ಯಕಾಮನು, ಆದರೂ ತಾವೇ ನನಗೆ ಹೇಳಬೇಕು, ಆಚಾರ್ಯನಿಂದ ತಿಳಿದ ವಿದ್ಯೆಯೇ ಸಾರ್ಥಕವಾಗುವುದೆಂದು ಕೇಳಿಬಲ್ಲೆನೆಂದು ಬಿನ್ನವಿಸಿದನು. ಗೌತಮನು ಮತ್ತೆ ಅದನ್ನೇ ಹೇಳಿದನು. ಅದರಲ್ಲಿ ಏನೂ ಬಿಟ್ಟುಹೋಗಿರಲಿಲ್ಲವೆಂದು ಉಪನಿಷತ್ತು ಒತ್ತಿ ಹೇಳುತ್ತದೆ.

ಈ ಕಥೆಯು ಎರಡು ಮಾತುಗಳನ್ನು ಒಟ್ಟಿಗೆ ಹೇಳುವ ಧೈರ್ಯವನ್ನು ತೋರಿದೆ. ವೃಷಭವೂ ಹಂಸವೂ ಹೇಳಿದುದು ಅಸತ್ಯವಲ್ಲ, ಅಪೂರ್ಣವೂ ಅಲ್ಲ. ಗುರುವಿನ ಬಾಯಿಂದ ಬಂದುದೂ ಅದೇ. ಹಾಗಿದ್ದೂ ಗುರುವಿನಿಂದ ಕೇಳುವುದು ಅವಶ್ಯವಾಯಿತು. ಅಂದ ಮೇಲೆ ಗುರುವು ಕೊಟ್ಟುದು ಮತ್ತಷ್ಟು ವಿಷಯವನ್ನಲ್ಲ. ಅವನು ಈ ಹುಡುಗನ ಸತ್ಯವನ್ನು ಮೊದಲ ದಿನ ಕಂಡಿದ್ದವನು; ಹೋಗುವಾಗಿನ ಮುಖವನ್ನೂ ಬಂದಾಗಿನ ಮುಖವನ್ನೂ ಬಲ್ಲವನು; ಏನು ತಿಳಿದುಕೊಂಡೆ ಎಂದು ಕೇಳದೆ, ಯಾರು ಹೇಳಿದರೆಂದು ಕೇಳಿದವನು. ತಿಳಿದುದು ತಿಳಿವಾಗಿ ಮೈಗೂಡಿದೆಯೆಂದು ಕಂಡು ಹೇಳಬಲ್ಲವನೊಬ್ಬನು ಎದುರಿಗೆ ಬೇಕೆಂಬುದೇ ಸತ್ಯಕಾಮನ ಬಿನ್ನಹದ ತಾತ್ಪರ್ಯವೆಂದು ನಾನು ಭಾವಿಸುತ್ತೇನೆ. ಶ್ರವಣವು ಯಾರಿಂದಲಾದರೂ ಒದಗೀತು. ಮನನವು ಸಂಶಯವನ್ನು ಮುಂದಿಟ್ಟು ತೀರಿಸಿಕೊಳ್ಳುವ ಕೆಲಸವಾದುದರಿಂದ, ನಮ್ಮ ಸಂಶಯವನ್ನು ನಮ್ಮ ಮುಖದಿಂದಲೇ ಓದಬಲ್ಲವರನ್ನು ಬೇಡುತ್ತದೆ.

ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಇದರ ಮುಂದಿನ ಭಾಗವನ್ನು ಕುರಿತು ಯೋಚಿಸುವವರು ಕಡಮೆ. ಇದೇ ಸತ್ಯಕಾಮನು ಮುಂದೆ ತಾನೇ ಆಚಾರ್ಯನಾದನು. ಉಪಕೋಸಲನೆಂಬ ಶಿಷ್ಯನು ಹನ್ನೆರಡು ವರ್ಷ ಅವನ ಅಗ್ನಿಗಳನ್ನು ಪರಿಚರಿಸಿದರೂ, ಇತರರಿಗೆಲ್ಲ ಸಮಾವರ್ತನವನ್ನು ಮಾಡಿ ಕಳುಹಿಸಿದ ಗುರುವು ಅವನೊಬ್ಬನಿಗೆ ಉಪದೇಶ ಮಾಡದೆ ಪ್ರಯಾಣ ಹೊರಟುಹೋದನು. ಹೆಂಡತಿ ಹೇಳಿದರೂ ಕೇಳಲಿಲ್ಲ. ಹುಡುಗನು ದುಃಖದಿಂದ ಊಟ ಬಿಟ್ಟನು. ಆಗ ಅಗ್ನಿಗಳು ತಮ್ಮತಮ್ಮೊಳಗೆ ಮಾತಾಡಿಕೊಂಡು, ಇವನು ನಮ್ಮನ್ನು ಚೆನ್ನಾಗಿ ನೋಡಿಕೊಂಡವನೆಂದು ತಾವೇ ಉಪದೇಶಕ್ಕೆ ತೊಡಗಿದುವು. ಕಡೆಯಲ್ಲಿ ಅವು ಒಂದು ಮಾತನ್ನು ಸೇರಿಸಿದುವು: ವಿದ್ಯೆಯನ್ನು ನಾವು ಹೇಳಿದೆವು, ಅದರ ಗತಿಯನ್ನು ನಿನ್ನ ಆಚಾರ್ಯನು ಹೇಳುತ್ತಾನೆ.

ಗುರುವು ದೂರವಾದಾಗ ಅಗ್ನಿಗಳು ಕಲಿಸುವ ಸಂದರ್ಭವನ್ನು ನಮ್ಮ ಕಾಲವೂ ಕಂಡಿತು. 2020ರಲ್ಲಿ ಕೊರೋನಾ ವ್ಯಾಧಿಯಿಂದ ಶಾಲೆಗಳು ಮುಚ್ಚಿದಾಗ ಪಾಠವು ದೂರದರ್ಶನದ ಚಂದನ ವಾಹಿನಿಯಲ್ಲಿಯೂ ಕೈಫೋನಿನ ತೆರೆಯಲ್ಲಿಯೂ ಬಂದಿತು. ಆಗಸ್ಟಿನಲ್ಲಿ ರಾಜ್ಯದ ಶಿಕ್ಷಣ ಇಲಾಖೆಯು ವಿದ್ಯಾಗಮವೆಂಬ ಯೋಜನೆಯನ್ನು ಆರಂಭಿಸಿ, ಮಕ್ಕಳನ್ನು ಮನೆಯಲ್ಲಿ ಯಾವ ಫೋನೂ ಇಲ್ಲದವರು, ಫೋನಿದ್ದೂ ಇಂಟರ್ನೆಟ್ ಇಲ್ಲದವರು, ಎರಡೂ ಉಳ್ಳವರು ಎಂದು ಮೂರು ಗುಂಪುಗಳಾಗಿ ವಿಂಗಡಿಸಿ, ಶಿಕ್ಷಕರನ್ನೇ ಮಕ್ಕಳಿದ್ದೆಡೆಗೆ ಕಳುಹಿಸಿತು. ಗುಡಿಯ ಅಂಗಳ, ಸಮುದಾಯ ಭವನ, ಮರದ ನೆರಳುಗಳೇ ವಠಾರ ಶಾಲೆಗಳಾದುವು. ಸೋಂಕಿನ ಭೀತಿಯಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಮುಂದಿನ ಜನವರಿಯಲ್ಲಿ ಮತ್ತೆ ತೊಡಗಿದರು. ಈ ಯೋಜನೆಯ ಆಡಳಿತದ ಗುಣದೋಷಗಳು ಹೇಗೇ ಇರಲಿ, ಅದರ ಒಡಲಲ್ಲಿದ್ದ ವಿವೇಕವು ಉಪನಿಷತ್ತಿನದೇ ಆಗಿತ್ತು: ತೆರೆಯಿಂದ ಕೇಳಿದುದಾದ ಮೇಲೆ, ಮಾಸ್ತರು ಒಂದು ಸಲವಾದರೂ ಎದುರು ಕುಳಿತು ಕೇಳಬೇಕು. ಫೋನಿಲ್ಲದ ಮಗುವಿಗೆ ಅಗ್ನಿಯೂ ಇಲ್ಲದಿದ್ದ ಕಾರಣ ಮಾಸ್ತರರು ಅಲ್ಲಿಗೇ ಮೊದಲು ಹೋಗಬೇಕೆಂಬುದೂ ಅದರಲ್ಲಿ ಅಡಗಿತ್ತು.

ಉಪಕೋಸಲನ ಅಗ್ನಿಗಳಿಗೂ ನಮ್ಮ ಕೈಫೋನಿಗೂ ಇರುವ ಭೇದವಾದರೂ ಯಾವುದು? ಅಗ್ನಿಗಳು ತಮ್ಮ ಎಲ್ಲೆಯನ್ನು ಅರಿತಿದ್ದುವು. ಹೇಳುವಷ್ಟನ್ನು ಹೇಳಿ, ಇನ್ನು ಆಚಾರ್ಯನ ಬಳಿಗೆ ಹೋಗೆಂದುವು. ಸತ್ಯಕಾಮನ ವೃಷಭವೂ ಒಂದು ಪಾದವನ್ನು ಹೇಳಿ, ಮುಂದಿನದನ್ನು ಅಗ್ನಿಯು ಹೇಳುವುದೆಂದು ಅವನನ್ನು ದಾಟಿಸಿಬಿಟ್ಟಿತು. ಯಾರೂ ಅವನನ್ನು ತಮ್ಮ ಬಳಿ ಇಟ್ಟುಕೊಳ್ಳಬಯಸಲಿಲ್ಲ. ಯಾರಿಗೂ ಅವನಿಂದ ಆಗಬೇಕಾದುದೊಂದಿರಲಿಲ್ಲ. ಇಂದಿನ ತೆರೆಯು ಸಾಕು, ಏಳು, ಹೋಗು ಎನ್ನುವುದಿಲ್ಲ. ಒಂದು ಚಿತ್ರ ಮುಗಿಯುವ ಮೊದಲೇ ಇನ್ನೊಂದನ್ನು ಮುಂದೊಡ್ಡುತ್ತದೆ. ಏಕೆಂದರೆ ಅದರ ಹಿಂದಿರುವ ವ್ಯಾಪಾರಕ್ಕೆ ಮಗುವಿನ ತಿಳಿವಳಿಕೆಯಿಂದ ಲಾಭವಿಲ್ಲ, ಮಗುವಿನ ಹೊತ್ತಿನಿಂದ ಲಾಭವಿದೆ. ಗುರುವಿನ ಲಕ್ಷಣಗಳನ್ನು ಎಷ್ಟು ಬಗೆಯಾಗಿ ಎಣಿಸಿದರೂ ನಿರಪೇಕ್ಷೆಯೆಂಬುದು ಅವುಗಳಲ್ಲಿ ಮುಖ್ಯವಾದುದು: ಶಿಷ್ಯನು ಅರಿತು ತನ್ನನ್ನು ದಾಟಿಹೋಗಲೆಂಬುದೊಂದನ್ನುಳಿದು ಬೇರೇನನ್ನೂ ಅವನಿಂದ ಬಯಸದಿರುವುದು. ಮನುಷ್ಯನೋ ಯಂತ್ರವೋ ಎಂಬುದಕ್ಕಿಂತ ಈ ಲಕ್ಷಣವೇ ನಮಗೆ ಒರೆಗಲ್ಲಾಗಬೇಕು. ತನ್ನನ್ನೇ ಅವಲಂಬಿಸಿಕೊಂಡಿರುವಂತೆ ಮಕ್ಕಳನ್ನು ಬೆಳೆಸುವ ಮನೆಪಾಠದ ಮಾಸ್ತರನೂ ಈ ಒರೆಗಲ್ಲಿನಲ್ಲಿ ನಿಲ್ಲಲಾರನು.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. ದೊಡ್ಡಬಸವೇಶ್ವರನ ಕುರುಗೋಡು ಬಳ್ಳಾರಿ ಸೀಮೆಯ ನಮ್ಮ ನೆರೆಯಲ್ಲಿದೆ. ಶರಣಧರ್ಮವು ಉಸಿರಾಡುತ್ತಿರುವ ಸೀಮೆ ಇದು. ಅರಿವನ್ನೇ ಗುರುವೆಂದು ಕಂಡ ಶರಣರ ಮಾತನ್ನು ಹಿಡಿದು, ಅರಿವು ಎಲ್ಲಿಂದ ಬಂದರೇನು, ವ್ಯಕ್ತಿಯಾದ ಗುರುವೇ ಬೇಕೆಂಬ ಹಟವೇಕೆ ಎಂದು ಒಬ್ಬರು ಕೇಳಬಹುದು. ಆದರೆ ಅದೇ ಶರಣರು ಅಷ್ಟಾವರಣಗಳಲ್ಲಿ ಗುರುವನ್ನು ಮೊದಲಿಗೆ ಇಟ್ಟರು. ಇಷ್ಟಲಿಂಗವು ಅಂಗಡಿಯಿಂದ ಬರುವುದಲ್ಲ, ಗುರುವಿನ ಕರದಿಂದ ಶಿಷ್ಯನ ಕರಕ್ಕೆ ಬರುವುದೆಂದರು. ಅವರು ಅರಿವೆಂದುದು ಮಾಹಿತಿಯ ರಾಶಿಯನ್ನಲ್ಲ. ನಡೆಯಾಗಿ ಪರಿಣಮಿಸಿದ ತಿಳಿವನ್ನು. ಅಂಥ ಅರಿವು ಒಳಗೆ ಗುರುವಾಗುವವರೆಗೆ ಹೊರಗೊಬ್ಬ ಗುರುವು ಕೈಹಿಡಿದಿರಬೇಕು.

ಈಗ ಈ ಮಾತುಗಳನ್ನು ನಮ್ಮ ಸೀಮೆಯ ಮಕ್ಕಳಿಗೆ ಹೊಂದಿಸಿ ನೋಡಲು ರೂಪನಗುಡಿಯತ್ತ ಬರೋಣ. ಬಳ್ಳಾರಿ ತಾಲ್ಲೂಕಿನ ಈ ಹೋಬಳಿಯ ಊರುಗಳು ಆಂಧ್ರದ ಗಡಿಗೆ ಸಮೀಪದವು. ಎರೆಯ ಹೊಲ, ಹತ್ತಿ, ಮೆಣಸಿನಕಾಯಿ, ಜೋಳ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಕೈಫೋನಿನಲ್ಲಿ ಎರಡರ ಜೊತೆಗೆ ಇಂಗ್ಲಿಷು ಹಿಂದಿಗಳ ಮಿಶ್ರಣ ಎಂಬುದು ಇಲ್ಲಿ ಅನೇಕ ಮಕ್ಕಳ ಸ್ಥಿತಿ. ಹತ್ತಿ ಬಿಡಿಸುವ, ಮೆಣಸಿನಕಾಯಿ ಬಿಡಿಸುವ ಸುಗ್ಗಿಯಲ್ಲಿ ಅಪ್ಪ ಅವ್ವ ನಸುಕಿನಲ್ಲೇ ಕೂಲಿಗೆ ಹೋದ ಮೇಲೆ ಹಲವು ಮನೆಗಳಲ್ಲಿ ಚಿಕ್ಕಮಕ್ಕಳನ್ನು ಸುಮ್ಮನಿರಿಸುವುದು ಫೋನೇ. ಅಂಥ ಮಗುವು ಶಾಲೆಗೆ ಬರುವಾಗ ಖಾಲಿಯಾಗಿ ಬರುವುದಿಲ್ಲ. ಹಿಂದಿನ ತಲೆಮಾರಿನ ಮಗು ವರ್ಷದಲ್ಲಿ ಕೇಳದಷ್ಟನ್ನು ಒಂದು ರಾತ್ರಿಯಲ್ಲಿ ಕೇಳಿ ಬಂದಿರುತ್ತದೆ. ಹಾಗೆ ಬಂದ ಮಗುವನ್ನು ಕೂರಿಸಿಕೊಂಡು ಮತ್ತೊಂದು ಗಂಟೆ ಕೇವಲ ಕೇಳಿಸುವುದು, ಅದು ಕರಿಹಲಗೆಯ ಮುಂದಾಗಲಿ ಹೊಸದಾಗಿ ತಂದ ದೊಡ್ಡ ತೆರೆಯ ಮುಂದಾಗಲಿ, ಕ್ಯಾಂಬೆಲನು ಕಂಡ ಹಳೆಯ ದೋಷವನ್ನೇ ಬೇರೊಂದು ವೇಷದಲ್ಲಿ ಮುಂದುವರಿಸಿದಂತೆ. ಅಂದು ಪದ್ಯವನ್ನು ಅರ್ಥವಿಲ್ಲದೆ ಒಪ್ಪಿಸುತ್ತಿದ್ದ ಹುಡುಗನಿಗೂ, ಯಂತ್ರವು ಕೊಟ್ಟ ಉತ್ತರವನ್ನು ಅರ್ಥವಿಲ್ಲದೆ ನೋಟುಬುಕ್ಕಿಗೆ ಇಳಿಸಿಕೊಳ್ಳುವ ಇಂದಿನ ಹುಡುಗನಿಗೂ ಯಾವ ಅಂತರವನ್ನೂ ನಾನು ಕಾಣೆನು.

ಆದುದರಿಂದ ನೂತನ ಬೋಧನ ವಿಧಾನವೆಂದು ಯಾವುದಕ್ಕಾದರೂ ಹೆಸರು ಸಲ್ಲುವುದಾದರೆ, ಶ್ರವಣವನ್ನು ಉಪಕರಣಕ್ಕೆ ಬಿಟ್ಟುಕೊಟ್ಟು ಶಾಲೆಯ ಹೊತ್ತನ್ನು ಮನನಕ್ಕೆ ಮೀಸಲಿಡುವ ವಿಧಾನಕ್ಕೆ ಸಲ್ಲಬೇಕು. ನಮ್ಮ ಪಠ್ಯಪುಸ್ತಕಗಳ ಪುಟಗಳಲ್ಲಿ ಈಗ ಕ್ಯೂಆರ್ ಸಂಕೇತಗಳಿವೆ. 2017ರಲ್ಲಿ ಆರಂಭವಾದ ದೀಕ್ಷಾ ವೇದಿಕೆಯ ಪಾಠಗಳು ಅವುಗಳ ಮೂಲಕ ಫೋನಿಗೆ ಬರುತ್ತವೆ. ಅದನ್ನು ಮನೆಯಲ್ಲಿ ನೋಡಿ ಬಂದ ಮಗುವನ್ನು, ಏನು ನೋಡಿದೆಯೆಂದು ಕೇಳಿ ಬಿಡದೆ, ಅದರಲ್ಲಿ ನಿನಗೆ ಒಪ್ಪಿಗೆಯಾಗದುದೇನು, ನಿನ್ನ ಹೊಲದಲ್ಲಿ ಅದು ಹಾಗೆಯೇ ನಡೆಯುತ್ತದೆಯೆ, ಹಾಗೆಂದು ಹೇಳಿದವರು ಯಾರು, ಹೇಳಿದುದರಿಂದ ಅವರಿಗೇನು ಪ್ರಯೋಜನವೆಂದು ಕೇಳಬೇಕು. ತುಂಗಭದ್ರೆಯ ಕಾಲುವೆಯ ನೀರನ್ನು ಕುರಿತ ಪಾಠವನ್ನು ತೆರೆಯ ಮೇಲೆ ನೋಡಿದ ಸಿರುಗುಪ್ಪದ ಮಗು, ಕಾಲುವೆಯ ಕಡೆಯ ತೂಬಿನವರಿಗೆ ನೀರು ಏಕೆ ತಲಪುವುದಿಲ್ಲವೆಂದು ತನ್ನ ತಾತನನ್ನು ಕೇಳಿಕೊಂಡು ಬಂದು ತರಗತಿಯಲ್ಲಿ ಹೇಳಿದರೆ, ಅಲ್ಲಿ ಮನನವು ಆರಂಭವಾಯಿತು.

ಎರಡನೆಯದಾಗಿ, ಮಕ್ಕಳೇ ಮಕ್ಕಳಿಗೆ ಕಲಿಸುವ ನಮ್ಮ ಹಳೆಯ ರೀತಿಯನ್ನು ಮರಳಿ ಮನ್ನಿಸಬೇಕು. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ರಿಷಿವ್ಯಾಲಿಯ ಪ್ರಯೋಗದಿಂದ ಪ್ರೇರಿತವಾಗಿ ಹುಟ್ಟಿದ ನಲಿಕಲಿಯು, 2009ರಿಂದೀಚೆಗೆ ರಾಜ್ಯದ ಸರಕಾರಿ ಶಾಲೆಗಳ ಮೊದಲ ತರಗತಿಗಳಿಗೆ ವ್ಯಾಪಿಸಿದೆ. ಬೇರೆ ಬೇರೆ ವಯಸ್ಸಿನ ಮಕ್ಕಳು ಒಂದೇ ಕೋಣೆಯಲ್ಲಿ ನೆಲದ ಮೇಲೆ ಗುಂಪಾಗಿ ಕುಳಿತು, ಕಲಿಕೆಯ ಏಣಿಯನ್ನು ತಮ್ಮ ತಮ್ಮ ಗತಿಯಲ್ಲಿ ಏರುವುದು ಅದರ ಕ್ರಮ. ಚಿಕ್ಕವನಿಗೆ ವಿವರಿಸಬೇಕಾದ ದೊಡ್ಡವನು ನಕಲಿನಿಂದ ಪಾರಾಗಲಾರನು. ಎದುರು ಕುಳಿತ ಪುಟ್ಟ ಮಗುವು ಯಾಕೆ ಎಂದಾಕ್ಷಣ, ತಾನು ಅರಿತಿರುವೆನೋ ಇಲ್ಲವೋ ಎಂಬುದು ಅವನಿಗೇ ತಿಳಿದುಹೋಗುತ್ತದೆ. ಯಂತ್ರವು ಪ್ರಬಂಧಗಳನ್ನು ಬರೆದುಕೊಡುವ ಈ ಕಾಲದಲ್ಲಿ ಪರೀಕ್ಷೆಗೆ ಇದಕ್ಕಿಂತ ನಂಬಿಕೆಯಾದ ಉಪಾಯವನ್ನು ನಾನರಿಯೆ.

1999ರ ಜನವರಿಯಲ್ಲಿ ದೆಹಲಿಯ ಕಲ್ಕಾಜಿಯ ಕೊಳೆಗೇರಿಯೊಂದರ ಪಕ್ಕದ ಗೋಡೆಯಲ್ಲಿ ಸುಗತ ಮಿತ್ರ ಎಂಬ ಶಿಕ್ಷಣ ಸಂಶೋಧಕರು ಒಂದು ಕಂಪ್ಯೂಟರನ್ನು ಅಳವಡಿಸಿದಾಗ, ಕಲಿಸುವವರಿಲ್ಲದೆಯೇ ಮಕ್ಕಳು ತಾವಾಗಿ ಅದನ್ನು ಬಳಸಲು ಕಲಿತ ವೃತ್ತಾಂತವು ಲೋಕಪ್ರಸಿದ್ಧವಾಗಿದೆ. ಉಪಾಧ್ಯಾಯರೇ ಅನವಶ್ಯಕರೆಂದು ಅದರಿಂದ ತೀರ್ಮಾನಿಸಿದವರುಂಟು. ಆದರೆ ಮುಂದೆ ತಮಿಳುನಾಡಿನ ಕಲಿಕುಪ್ಪಂ ಗ್ರಾಮದಲ್ಲಿ ನಡೆಸಿದ ಪ್ರಯೋಗದಲ್ಲಿ ಅದೇ ಮಿತ್ರರು, ವಿಷಯವನ್ನರಿಯದಿದ್ದರೂ ಮಕ್ಕಳ ಬೆನ್ನ ಹಿಂದೆ ನಿಂತು ಅಜ್ಜಿಯಂತೆ ಮೆಚ್ಚುತ್ತಾ, ಅದೇನು, ನನಗೂ ತೋರಿಸು ಎನ್ನುವವರೊಬ್ಬರಿದ್ದರೆ ಕಲಿಕೆಯು ಬಹಳ ಮೇಲಕ್ಕೆ ಏರುವುದನ್ನು ಕಂಡರು. ನೋಡುವ ಕಣ್ಣೊಂದು ಇರಬೇಕು. ಕಾಡಿನಲ್ಲಿ ಎಲ್ಲವನ್ನೂ ಕೇಳಿಕೊಂಡು ಬಂದ ಸತ್ಯಕಾಮನೂ ಹಾರೈಸಿದುದು ಇದನ್ನೇ ಅಲ್ಲವೆ?

ಆ ಕಣ್ಣು ಇಂದು ಎಲ್ಲಿದೆಯೆಂದು ವಿಚಾರಿಸುವುದೇ ಈ ವಿಷಯದ ಅತ್ಯಂತ ನೋವಿನ ಭಾಗ. ಫೋನು ಮಕ್ಕಳನ್ನು ಮಾತ್ರ ಹಿಡಿದಿಲ್ಲ. ಮಾಸ್ತರರನ್ನೂ ಹಿಡಿದಿದೆ, ಮತ್ತು ಅವರನ್ನು ಹಿಡಿಸಿದವರು ನಾವು. ಮಕ್ಕಳ ಹಾಜರಿ, ಬಿಸಿಯೂಟದ ಲೆಕ್ಕ, ಹಾಲಿನ ಪುಡಿ ಮೊಟ್ಟೆಗಳ ಲೆಕ್ಕ, ವಿದ್ಯಾರ್ಥಿ ಸಾಧನೆಯ ಜಾಡನ್ನು ಹಿಡಿಯುವ ಸ್ಯಾಟ್ಸ್ ತಂತ್ರಾಂಶಕ್ಕೆ ತುಂಬಬೇಕಾದ ವಿವರ, ತರಬೇತಿಯ ಪ್ರಮಾಣಪತ್ರ, ನಡೆದ ಕಾರ್ಯಕ್ರಮದ ಛಾಯಾಚಿತ್ರ. ಇವೆಲ್ಲವನ್ನೂ ಮೇಲಕ್ಕೆ ಕಳುಹಿಸುವ ಹೊತ್ತಿನಲ್ಲಿ, ಇಬ್ಬರು ಮೂವರು ಶಿಕ್ಷಕರಿರುವ ಹಳ್ಳಿಯ ಶಾಲೆಯಲ್ಲಿ ಒಬ್ಬರ ದೃಷ್ಟಿಯು ಮಗುವಿನ ಮುಖದಿಂದ ತೆರೆಗೆ ತಿರುಗಿರುತ್ತದೆ. ದೂರ ಹೋಗದೆಯೇ ಪ್ರಯಾಣ ಹೊರಟ ಸತ್ಯಕಾಮನ ಸ್ಥಿತಿಗೆ ಅವರನ್ನು ತಂದಿದ್ದೇವೆ. ಹಾಗೆ ತಂದು, ಮಕ್ಕಳು ಯಂತ್ರಕ್ಕೆ ಒಲಿದರೆಂದು ಮರುಗುತ್ತೇವೆ.

ಸಿರುಗುಪ್ಪ ತಾಲ್ಲೂಕಿನ ನಿಟ್ಟೂರಿನಲ್ಲಿ ತುಂಗಭದ್ರೆಯ ಬಳಿಯ ಬಂಡೆಯ ಮೇಲೆ, ಗುರುವಿಗೆ ಸಲ್ಲಬೇಕಾದುದನ್ನು ನೆನಪಿಸುವ ಅಶೋಕನ ಶಾಸನವಿದೆ. ಅವನ ಹೆಸರನ್ನು ಸ್ಪಷ್ಟವಾಗಿ ಹೇಳುವ ಕೆಲವೇ ಶಾಸನಗಳಲ್ಲಿ ಅದೂ ಒಂದು. ತಂದೆತಾಯಿಗಳ ಶುಶ್ರೂಷೆ, ಪ್ರಾಣಿಗಳಲ್ಲಿ ದಯೆ, ಸತ್ಯವಚನಗಳೊಡನೆ, ಶಿಷ್ಯನು ಆಚಾರ್ಯನನ್ನು ಗೌರವಿಸತಕ್ಕುದು, ಇದು ಪುರಾತನವಾದ ನಡವಳಿಕೆ ಎಂಬುದು ಆ ಧರ್ಮಲಿಪಿಯ ಆಶಯ. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ ಅದು ಪುರಾತನವೆನ್ನಿಸಿಕೊಂಡಿತ್ತು! ಆ ಗೌರವಕ್ಕೆ ಇಂದು ಹಾರ, ಶಾಲು, ಸೆಪ್ಟೆಂಬರ್ 5ರ ಭಾಷಣಗಳು ಸಾಲವು. ನಾಲ್ಕೈದು ಶಾಲೆಗಳಿಗೆ ಒಬ್ಬ ಗುಮಾಸ್ತನನ್ನು ಕೊಟ್ಟು ಈ ಅಂಕಿಗಳ ಭಾರವನ್ನೆಲ್ಲ ಅವನ ಮೇಜಿಗೆ ವರ್ಗಾಯಿಸುವುದು ಸರಕಾರಕ್ಕೆ ಅಸಾಧ್ಯವಾದ ವೆಚ್ಚವಲ್ಲ. ಸಂವಿಧಾನದ 371(ಜೆ) ವಿಧಿಯ ಅನ್ವಯ ಕಲ್ಯಾಣ ಕರ್ನಾಟಕದ ಅಭಿವೃದ್ಧಿಗೆಂದು ಮೀಸಲಾಗುವ ಹಣದಲ್ಲಿ ಬಳ್ಳಾರಿ ಜಿಲ್ಲೆಗೂ ಪಾಲಿದೆ. ತರಗತಿಗೆ ಇನ್ನೊಂದು ತೆರೆಯನ್ನು ಕೊಳ್ಳುವ ಮುನ್ನ, ಆ ಪಾಲಿನಿಂದ ರೂಪನಗುಡಿ, ಕುರುಗೋಡು, ಸಿರುಗುಪ್ಪದ ಶಾಲೆಗಳಲ್ಲಿ ಮೊದಲು ಇದನ್ನು ಮಾಡಿ ನೋಡಲಿ.